ಗಾಯ ತಾನಾಗಿ ಮಾಯುವುದಿಲ್ಲ

ಕಳೆದ ವರ್ಷ ಆಗಸ್ಟಿನಲ್ಲಿ ಒಂದು ವಿಚಾರ ಸಂಕಿರಣದಲ್ಲಿ ನಾನು ಪ್ರಬಂಧ ಮಂಡಿಸಿದೆ. ಅದರ ಶೀರ್ಷಿಕೆಯಲ್ಲಿ ‘ಮಾಯದ ಗಾಯ’ ಎಂಬ ಮಾತಿತ್ತು. ಆಧುನಿಕ ಕನ್ನಡ ಕಥೆಗಳಲ್ಲಿ ದೇಹ ಮತ್ತು ನೋವು ನನ್ನ ಸಂಶೋಧನೆಯ ವಿಷಯ. ಇಪ್ಪತ್ತು ನಿಮಿಷದಲ್ಲಿ ಇತಿಹಾಸದ ಗಾಯ, ನೆನಪಿನ ಗಾಯ, ಭಾಷೆಯ ಗಾಯ ಎಂದೆಲ್ಲ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ತಂಗಿಯ ಫೋನು ಬಂತು. “ಅಣ್ಣ, ಅಮ್ಮ ನಡೆದ ಕಡೆಯೆಲ್ಲ ನೆಲದ ಮೇಲೆ ಕಲೆ ಬೀಳ್ತಿದೆ. ಒರೆಸಿದ್ರೆ ಮತ್ತೆ ಬೀಳುತ್ತೆ. ಅಮ್ಮಂಗೆ ಗೊತ್ತೇ ಆಗ್ತಿಲ್ಲ.”

ಮರುದಿನ ಬೆಳಿಗ್ಗೆ ತಿಪಟೂರಿನ ಹತ್ತಿರದ ನಮ್ಮ ಊರಿಗೆ ಹೋದೆ. ಅಮ್ಮ ಒಲೆಯ ಮುಂದೆ ನಿಂತಿದ್ದಳು. ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆಗೆ, ಎರಡು ರೂಪಾಯಿ ನಾಣ್ಯದಗಲದ ಹುಣ್ಣು. ಸುತ್ತ ಜಡ್ಡುಗಟ್ಟಿದ ಚರ್ಮ, ಮೇಲೆ ಅರಿಶಿನ, ಅದರ ಮೇಲೆ ಕಾಫಿ ಪುಡಿ. “ಏನಿಲ್ಲ ಕಣೋ, ಆಣಿ ಒಡೆದಿರೋದು. ನೋವೇ ಇಲ್ಲ ಅಂದ್ಮೇಲೆ ಗಾಯ ಎಲ್ಲಿಂದ ಬಂತು?” ಅಂದಳು. ಅಂದವಳೇ ನನಗೆ ದೋಸೆ ಹಾಕಲು ತಿರುಗಿದಳು. ಅವಳು ನಿಂತೇ ಹಾಕಿದ ಆ ನಾಲ್ಕು ದೋಸೆಗಳನ್ನು ನಾನು ಕೂತು ತಿಂದೆ. ಈ ಲೇಖನದಲ್ಲಿ ನಾನು ಜಗಳ ತೆಗೆಯುವವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ ಎಂಬುದು ಮೊದಲೇ ಗೊತ್ತಿರಲಿ ಎಂದು ಇದನ್ನು ಹೇಳುತ್ತಿದ್ದೇನೆ.

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ಅವಳು ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಸಹಾಯಕಿ. ಬೆಳಿಗ್ಗೆ ಮನೆಯ ಅಡುಗೆ, ಆಮೇಲೆ ಶಾಲೆಯ ಅಡುಗೆ, ಸಂಜೆ ಮತ್ತೆ ಮನೆಯ ಅಡುಗೆ, ಎಲ್ಲವೂ ಬರಿಗಾಲಲ್ಲಿ. ಅಡುಗೆ ಮನೆಗೆ ಚಪ್ಪಲಿ ಹಾಕಿ ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ. ಸಕ್ಕರೆ ಹೆಚ್ಚಿದ ರಕ್ತ ವರ್ಷಗಟ್ಟಲೆ ಹರಿದರೆ ಕಾಲಿನ ನರಗಳು ಸಾಯುತ್ತವೆ, ನೋವು ತಿಳಿಯುವುದು ನಿಲ್ಲುತ್ತದೆ. ಹೀಗಾಗಿ ‘ನೋವಿಲ್ಲ’ ಎಂಬ ಅಮ್ಮನ ಮಾತು ನಿಜವೇ. ಆದರೆ ಅದರಲ್ಲಿ ಸಮಾಧಾನಪಡುವಂಥದ್ದು ಏನೂ ಇರಲಿಲ್ಲ. ರೋಗದ ಮುಖ್ಯ ಲಕ್ಷಣವೇ ಆ ನೋವಿಲ್ಲದಿರುವಿಕೆ.

ಇದನ್ನು ಜಗತ್ತಿಗೆ ಬಿಡಿಸಿ ತೋರಿಸಿದ ಕೆಲಸ ನಡೆದದ್ದು ನಮ್ಮ ಪಕ್ಕದ ವೆಲ್ಲೂರಿನಲ್ಲಿ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸತೊಡಗಿದರು. ರೋಗವೇ ಬೆರಳುಗಳನ್ನು ತಿಂದುಹಾಕುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ರೋಗ ನೋವನ್ನಷ್ಟೇ ಕಿತ್ತುಕೊಳ್ಳುತ್ತದೆ, ಉಳಿದದ್ದನ್ನು ಹಾಳುಮಾಡುವುದು ಯಾರೂ ಗಮನಿಸದ ಸಣ್ಣ ಪುಟ್ಟ ಗಾಯಗಳು ಎಂದು ಅವರು ತೋರಿಸಿಕೊಟ್ಟರು. ನೋವಿನ ಬಗ್ಗೆ ನಾಲ್ಕು ವರ್ಷದಿಂದ ಓದುತ್ತಿರುವ ನನಗೆ, ನೋವಿಲ್ಲದಿರುವುದೇ ಒಬ್ಬರ ಕಾಲನ್ನು ಕಳೆಯಬಹುದು ಎಂಬುದು ಅಮ್ಮನ ಪಾದ ನೋಡುವವರೆಗೆ ತಿಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಸತ್ತ ಚರ್ಮವನ್ನು ಕತ್ತರಿಸಿ ತೆಗೆದರು. ಸೋಂಕು ಮೂಳೆಗೆ ಇಳಿದಿದೆಯೇ ಎಂದು ಪರೀಕ್ಷಿಸಿದರು, ಪಾದದ ನಾಡಿ ಮುಟ್ಟಿ ನೋಡಿದರು. ಮೂಳೆಗೆ ತಲುಪಿರಲಿಲ್ಲ, ರಕ್ತದ ಓಡಾಟ ಇತ್ತು. ಟಿಟಿ ಇಂಜೆಕ್ಷನ್, ಆಂಟಿಬಯೋಟಿಕ್ ಮಾತ್ರೆ ಆಯಿತು. ವೈದ್ಯರು ಒಳ್ಳೆಯವರೇ. ಹೊರಗೆ ಅರವತ್ತು ಜನ ಕಾಯುತ್ತಿದ್ದರು, ನಮಗೆ ಸಿಕ್ಕ ಹೊತ್ತು ಅಷ್ಟೇ. ಕೊನೆಗೆ ಎರಡು ವಾಕ್ಯ ಹೇಳಿದರು. “ದಿನಾ ಡ್ರೆಸ್ಸಿಂಗ್ ಆಗಬೇಕು, ಮನೆಯಲ್ಲೇ ಮಾಡ್ಕೊಳ್ಳಿ. ಕಾಲಿನ ಮೇಲೆ ಭಾರ ಬೀಳಬಾರದು.” ಕೈಗೆ ಒಂದು ಚೀಟಿ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಕಾಲಿನ ಸ್ವ-ಆರೈಕೆ ಎಂದು ಮೇಲೆ ದೊಡ್ಡ ಅಕ್ಷರ, ಕೆಳಗೆ ಬೂಟು ಹಾಕಿದ ಪಾದದ ಚಿತ್ರ.

ನನ್ನ ಜಗಳ ಶುರುವಾಗುವುದು ಆ ‘ಸ್ವ’ ಎಂಬ ಒಂದಕ್ಷರದಿಂದ.

ದಿನವೂ ನಿಮ್ಮ ಅಂಗಾಲನ್ನು ನೀವೇ ನೋಡಿಕೊಳ್ಳಿ, ಕಾಣದಿದ್ದರೆ ಕನ್ನಡಿ ಬಳಸಿ ಎಂದಿತ್ತು ಚೀಟಿಯಲ್ಲಿ. ಅಮ್ಮನಿಗೆ ಐವತ್ತೆಂಟು. ಮೊಣಕಾಲು ಮಡಚಲು ಬರುವುದಿಲ್ಲ. ಬಲಗಣ್ಣಿಗೆ ಪೊರೆ ಬಂದಿದೆ. ಸಕ್ಕರೆ ಕಾಯಿಲೆ ಕಾಲಿನ ನರಗಳಿಗೆ ತೊಂದರೆ ಕೊಡುವಂತೆಯೇ ಕಣ್ಣಿಗೂ ಕೊಡುತ್ತದೆ. ಅಂದರೆ ಯಾರು ತಮ್ಮ ಪಾದವನ್ನು ದಿನವೂ ನೋಡಿಕೊಳ್ಳಬೇಕೋ ಅವರಿಗೇ ಅದು ಕಾಣುವುದಿಲ್ಲ, ತಿಳಿಯುವುದೂ ಇಲ್ಲ. ತನ್ನ ಅಂಗಾಲನ್ನು ತಾನು ನೋಡಲಾಗದವಳ ಕೈಗೆ ಸ್ವ-ಆರೈಕೆಯ ಚೀಟಿ ಕೊಡುವುದರಲ್ಲಿ ಒಂದು ಲೆಕ್ಕಾಚಾರವಿದೆ. ಮನೆಯಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ, ಅವರಿಗೆ ಸಂಬಳ ಕೊಡಬೇಕಿಲ್ಲ, ಕಲಿಸಬೇಕಿಲ್ಲ, ಹೆಸರೂ ಹೇಳಬೇಕಿಲ್ಲ ಎಂಬ ಲೆಕ್ಕಾಚಾರ. ಆ ಯಾರೋ ಒಬ್ಬರು ಹೆಚ್ಚಿನ ಮನೆಗಳಲ್ಲಿ ಹೆಂಡತಿ, ಮಗಳು, ಸೊಸೆ. ಅಪ್ಪನಿಗೆ ಗಾಯವಾಗಿದ್ದರೆ ಅಮ್ಮ ಇದ್ದಳು. ಗಾಯ ಅಮ್ಮನಿಗೇ ಆದಾಗ ಆ ಯಾರೋ ಒಬ್ಬರ ಜಾಗ ಖಾಲಿ ಎಂಬುದು ನಮ್ಮ ಮನೆಗೆ ಮೊದಲ ಸಲ ಗೊತ್ತಾಯಿತು. ಕಾಲೇಜು ಬಿಟ್ಟು ತಂಗಿ ನೋಡಿಕೊಳ್ಳಲಿ ಎಂಬ ಮಾತು ಬಂದದ್ದೂ ನಿಜ. ಬಂದದ್ದು ಅಮ್ಮನ ಬಾಯಿಂದಲೇ.

ಗಾಯಾಳುವನ್ನು ಒಂಟಿ ಎಂದು ಎಣಿಸುವುದು ಹಳಬರಿಗೆ ಗೊತ್ತಿರಲಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 19ನೆಯ ಅಧ್ಯಾಯ ಇರುವುದೇ ಗಾಯಗೊಂಡವನ ಉಪಚಾರದ ಬಗ್ಗೆ. ಅಲ್ಲಿ ಮೊದಲು ಬರುವುದು ಮನೆ. ಶುಚಿಯಾದ, ಬಿಸಿಲು ಗಾಳಿ ಹೊಡೆಯದ ಮನೆ ಬೇಕು, ಆಮೇಲೆ ಒಳ್ಳೆಯ ಹಾಸಿಗೆ, ಆಮೇಲೆ ಹತ್ತಿರ ಕೂತು ಹಿತವಾದ ಕಥೆ ಹೇಳುವ ಗೆಳೆಯರು. ಇದನ್ನು ಓದಿ ನಮ್ಮ ಪೂರ್ವಜರಿಗೆ ಎಲ್ಲ ಗೊತ್ತಿತ್ತು ಎಂದು ಎದೆಯುಬ್ಬಿಸುವವರ ಸಾಲಿಗೆ ನಾನು ಸೇರುವುದಿಲ್ಲ. ಅದು ಉಳ್ಳವನ ಮನೆ. ಆ ಮನೆಗೆ ನೀರು ಹೊತ್ತವರು, ಆ ಹಾಸಿಗೆಯ ಬಟ್ಟೆ ಒಗೆದವರು ಅಲ್ಲಿಯೂ ಕಾಣುವುದಿಲ್ಲ. ಆದರೂ ಗಾಯಕ್ಕೆ ಮನೆ ಬೇಕು, ಜನ ಬೇಕು ಎಂಬಷ್ಟನ್ನಾದರೂ ಆ ಗ್ರಂಥ ಒಪ್ಪುತ್ತದೆ. ನಮ್ಮ ಚೀಟಿ ಅದನ್ನೂ ಒಪ್ಪುವುದಿಲ್ಲ.

ಕೊನೆಗೆ ಡ್ರೆಸ್ಸಿಂಗ್ ಮಾಡುವ ಕೆಲಸ ನನ್ನದಾಯಿತು. ಹಾಸ್ಟೆಲಿಗೆ ಹೋಗದೆ ಊರಲ್ಲೇ ಉಳಿದೆ. ಮೊದಲ ದಿನ ಅಮ್ಮ ಕಾಲು ಕೊಡಲಿಲ್ಲ. “ಕಾಲು ಮುಟ್ಟಬೇಡ ಬಿಡು, ನಾನೇ ಏನೋ ಮಾಡ್ಕೋತೀನಿ” ಎಂದು ಸೀರೆಯೊಳಗೆ ಎಳೆದುಕೊಂಡಳು. ನಾವು ಹಬ್ಬ ಹುಣ್ಣಿಮೆಗೆ ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡುವ ಜನ. ನಾನೂ ಅಮ್ಮನ ಕಾಲಿಗೆ ಎಷ್ಟು ಸಲ ಬಿದ್ದಿದ್ದೇನೆ. ಪಾದದ ಮೇಲ್ಭಾಗ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಏಳುತ್ತೇವೆಯೇ ಹೊರತು ಅದನ್ನು ತಿರುಗಿಸಿ ಅಡಿಯಲ್ಲಿ ಏನಾಗಿದೆ ಎಂದು ನೋಡುವುದಿಲ್ಲ. ತಾಯಿಯನ್ನು ದೇವರು ಮಾಡುವುದರ ಅನುಕೂಲವೇ ಅದು. ದೇವರ ಅಂಗಾಲಿನಲ್ಲಿ ಹುಣ್ಣಾಗುವುದಿಲ್ಲವಲ್ಲ.

ಡ್ರೆಸ್ಸಿಂಗ್ ಮಾಡುವುದನ್ನು ಕಲಿಸಿದ್ದು ಊರಿನ ಉಪಕೇಂದ್ರದ ಸಿಸ್ಟರ್. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ನಮ್ಮ ಜಗಲಿಯಲ್ಲಿ ಕೂತು ಹತ್ತು ನಿಮಿಷದಲ್ಲಿ ಹೇಳಿಕೊಟ್ಟರು. ಅದು ಅವರ ಕೆಲಸದ ಪಟ್ಟಿಯಲ್ಲಿತ್ತೋ ಇಲ್ಲವೋ, ಆ ಹೊತ್ತಿಗೆ ಅವರ ಡ್ಯೂಟಿ ಅಂತೂ ಮುಗಿದಿತ್ತು. ಆ ಹತ್ತು ನಿಮಿಷವನ್ನು ಇಲ್ಲಿ ಬರೆಯುತ್ತೇನೆ. ಸಾಹಿತ್ಯದ ಓದುಗರಿಗೆ ಇದೇಕೆ ಎನ್ನುವವರಿಗೂ ಅಂಗಾಲುಗಳಿವೆ.

ಮೊದಲು ಸೋಪು ಹಾಕಿ ಕೈ ತೊಳೆಯಬೇಕು, ಉಗುರಿನ ಸಂದು ಸಮೇತ. ಹಳೆಯ ಬಟ್ಟೆ ಅಂಟಿಕೊಂಡಿದ್ದರೆ ಎಳೆಯಬಾರದು. ನೀರು ಬಿಟ್ಟು ನೆನೆಸಿ ಬಿಡಿಸಬೇಕು, ಇಲ್ಲವಾದರೆ ನಿನ್ನೆ ಬೆಳೆದ ಹೊಸ ಪದರ ಬಟ್ಟೆಯ ಜೊತೆ ಕಿತ್ತು ಬರುತ್ತದೆ. ತೊಳೆಯಲು ಉಪ್ಪು ನೀರು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ ಉಪ್ಪು. ಇದನ್ನು ದಿನದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಕುಡಿಯುವಷ್ಟು ಶುದ್ಧವಾದ ನೀರಾದರೆ ಸಾಮಾನ್ಯ ಗಾಯಕ್ಕೆ ಅದೂ ಸಾಕು. ಗಾಯದ ಮೇಲೆ ನೀರು ಹರಿಯಬೇಕು, ಉಜ್ಜಬಾರದು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ದಿನವೂ ಸುರಿಯಬಾರದು. ಅವು ಕ್ರಿಮಿಯ ಜೊತೆಗೆ ಹೊಸದಾಗಿ ಹುಟ್ಟುವ ಜೀವಕೋಶಗಳನ್ನೂ ಸುಡುತ್ತವೆ. ಬುರುಗು ಬಂದರೆ ಔಷಧ ಕೆಲಸ ಮಾಡುತ್ತಿದೆ ಎಂದು ನಾವೆಲ್ಲ ಚಿಕ್ಕಂದಿನಲ್ಲಿ ನಂಬಿದ್ದೆವು. ತೊಳೆದ ಮೇಲೆ ಸುತ್ತಲಿನ ಚರ್ಮವನ್ನು ಮಾತ್ರ ಒಣಗಿಸಬೇಕು. ಬೆರಳ ಸಂದಿಗಳಲ್ಲಿ ತೇವ ಉಳಿಯಬಾರದು. ಗಾಯದ ಮೇಲೆ ಅಂಟದಂಥ ಗಾಜ್ ಬಟ್ಟೆ, ಅದರ ಮೇಲೆ ದಪ್ಪ ಪ್ಯಾಡು, ಆಮೇಲೆ ಬೆರಳಿಗೆ ರಕ್ತ ಹೋಗುವಷ್ಟು ಸಡಿಲವಾಗಿ ಬ್ಯಾಂಡೇಜು. ವಾರಕ್ಕೊಮ್ಮೆ ಸ್ಕೇಲು ಪಕ್ಕದಲ್ಲಿಟ್ಟು ಫೋಟೋ ತೆಗೆಯಬೇಕು. ಕಣ್ಣಂದಾಜನ್ನು ನಂಬಬಾರದು, ಆಸೆ ಗಾಯವನ್ನು ಚಿಕ್ಕದು ಮಾಡಿ ತೋರಿಸುತ್ತದೆ.

ಇಷ್ಟರಲ್ಲಿ ಊರಿನ ಅರ್ಧ ಜನ ಬಂದು ಹೋದರು. “ಗಾಯ ಮುಚ್ಚಬೇಡ ಕಣಪ್ಪ, ಗಾಳಿಯಾಡಬೇಕು, ಒಣಗಿದರೇ ವಾಸಿ” ಎಂದು ದೊಡ್ಡಮ್ಮ ಹೇಳಿದರು. ಈ ನಂಬಿಕೆ ಹಳ್ಳಿಯದಷ್ಟೇ ಅಲ್ಲ, ಬಹಳ ಕಾಲ ಆಸ್ಪತ್ರೆಗಳದ್ದೂ ಆಗಿತ್ತು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಲಂಡನ್ನಿನ ಸಂಶೋಧಕ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದ. ಎಳೆಯ ಹಂದಿಗಳ ಬೆನ್ನಿನ ಮೇಲೆ ಒಂದೇ ಥರದ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ತೇವ ಉಳಿಯುವಂತೆ ಮಾಡಿದ್ದ. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಕಾರಣ ಸರಳ. ಅಂಚಿನಿಂದ ತೆವಳಿ ಬರುವ ಜೀವಕೋಶಗಳಿಗೆ ತೇವದ ನೆಲ ಬೇಕು. ಒಣಗಿ ಹಕ್ಕಳೆ ಕಟ್ಟಿದರೆ ಅವು ಅದರ ಅಡಿಯಲ್ಲಿ ದಾರಿ ಕೊರೆದುಕೊಂಡು ಸಾಗಬೇಕು. ಅರವತ್ತು ವರ್ಷ ದಾಟಿದರೂ ಈ ಮಾತು ನಮ್ಮ ಜಗಲಿಗೆ ಬಂದು ಮುಟ್ಟಿಲ್ಲ.

ಹಾಗೆಂದು ದೊಡ್ಡಮ್ಮನನ್ನು ನಗೆಯಾಡಿ ಜಾಣನಾಗುವುದು ನನಗೆ ಇಷ್ಟವಿಲ್ಲ. ಅರಿಶಿನದ ಬಗ್ಗೆ ಪ್ರಯೋಗಾಲಯಗಳಲ್ಲಿ ಏನೇ ಸಿಕ್ಕಿರಲಿ, ಒಗ್ಗರಣೆ ಡಬ್ಬಿಯ ಅರಿಶಿನಕ್ಕೆ ನನ್ನ ಆಕ್ಷೇಪ ಎರಡೇ. ಅದು ಕ್ರಿಮಿರಹಿತವಲ್ಲ, ಮತ್ತು ಅದರ ಬಣ್ಣದಲ್ಲಿ ಗಾಯದ ಸುತ್ತ ಕೆಂಪು ಹರಡುತ್ತಿರುವುದು ಕಾಣುವುದಿಲ್ಲ. ಕಾಫಿ ಪುಡಿ ರಕ್ತದ ಜೊತೆ ಗಟ್ಟಿಯಾಗಿ ಕೂತು ಅಡಿಯಲ್ಲಿ ಕೀವು ಮುಚ್ಚಿಡುತ್ತದೆ. ಆದರೆ ದೊಡ್ಡಮ್ಮ ಅದನ್ನು ಹಚ್ಚಿದ್ದು ಯಾಕೆ? ಬೇರೆ ಏನನ್ನೂ ಯಾರೂ ಹೇಳಿಕೊಡಲಿಲ್ಲ, ಅದಕ್ಕೆ. ಮನೆಯಲ್ಲೇ ಮಾಡಿಕೊಳ್ಳಿ ಎಂದು ಕಳಿಸುವುದು, ಮನೆಯಲ್ಲಿ ಇದ್ದದ್ದನ್ನು ಹಚ್ಚಿಕೊಂಡು ಬಂದಾಗ ಮೂಢನಂಬಿಕೆ ಎಂದು ಗದರುವುದು. ಈ ಎರಡೂ ಒಂದೇ ಬಾಯಿಂದ ಬರುವುದನ್ನು ನಾನು ಕಂಡಿದ್ದೇನೆ.

ಮೂರು ವಾರ ಹೀಗೆ ಶ್ರದ್ಧೆಯಿಂದ ಮಾಡಿದೆ. ಸ್ಕೇಲಿಟ್ಟು ಫೋಟೋ ತೆಗೆದೆ. ಗಾಯ ಒಂದು ಮಿಲಿಮೀಟರೂ ಕುಗ್ಗಲಿಲ್ಲ. ಮುಲಾಮು ಬದಲಿಸಿಕೊಡಿ ಎಂದು ಕೇಳಲು ವೈದ್ಯರ ಬಳಿ ಹೋದೆ. ಅವರು ಅಂಗಾಲು ನೋಡಿ ಒಂದೇ ಪ್ರಶ್ನೆ ಕೇಳಿದರು. “ಅಮ್ಮ ನಡೆಯೋದು ನಿಲ್ಲಿಸಿದ್ದಾರಾ?”

ಲೆಕ್ಕ ಹಾಕಿ. ಮನೆ, ಶಾಲೆ, ಬೋರ್‌ವೆಲ್ಲು ಎಂದು ದಿನಕ್ಕೆ ಐದು ಸಾವಿರ ಹೆಜ್ಜೆ ನಡೆದರೆ ಎಡಗಾಲಿಗೆ ಎರಡೂವರೆ ಸಾವಿರ ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ಇಡೀ ದೇಹದ ಭಾರ ಹೆಬ್ಬೆರಳಿನ ಬುಡದ ಆ ನಾಣ್ಯದಗಲದ ಜಾಗವನ್ನು ಜಜ್ಜಿ ಮುಂದೆ ಹೋಗುತ್ತದೆ. ರಾತ್ರಿ ಬೆಳೆದ ಪದರ ಹಗಲಿನಲ್ಲಿ ಅರೆದುಹೋಗುತ್ತದೆ. ನೋವಿದ್ದವರು ಕುಂಟುತ್ತಾರೆ, ಕುಂಟಿದರೆ ಗಾಯಕ್ಕೆ ಬಿಡುವು ಸಿಗುತ್ತದೆ. ಅಮ್ಮನಿಗೆ ಕುಂಟುವ ಅದೃಷ್ಟವೂ ಇರಲಿಲ್ಲ. ಅಂಗಾಲಿನ ಹುಣ್ಣಿಗೆ ಮೊದಲ ಮದ್ದು ಭಾರ ಇಳಿಸುವುದು, ಉಳಿದದ್ದೆಲ್ಲ ಆಮೇಲೆ. ನಾನು ಅಷ್ಟು ದಿನ ಪಾದ ತೊಳೆದು ಬಟ್ಟೆ ಸುತ್ತಿ, ಅದೇ ಕಾಲಿನ ಮೇಲೆ ನಿಂತು ಅಮ್ಮ ಮಾಡಿದ ಮುದ್ದೆ ಉಂಡು, ಒಳ್ಳೆಯ ಮಗನೆಂಬ ಭಾವನೆಯಲ್ಲಿ ಮಲಗುತ್ತಿದ್ದೆ.

‘ಕಾಲಿಗೆ ಭಾರ ಬೀಳಬಾರದು’ ಎಂಬುದು ಅಮ್ಮನಿಗೆ ಬರೆದ ಮದ್ದಲ್ಲ. ಅದು ಅಪ್ಪನಿಗೆ, ನನಗೆ, ಅವಳನ್ನು ಕೆಲಸಕ್ಕಿಟ್ಟುಕೊಂಡವರಿಗೆ ಬರೆದ ಮದ್ದು. ಅವಳೊಬ್ಬಳೇ ನುಂಗಿದರೆ ಅದು ಕೆಲಸ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ನುಂಗುವುದು ಸುಲಭವಿರಲಿಲ್ಲ. ನಾನು ಅಡುಗೆ ಕಲಿತೆ, ಮುದ್ದೆ ಗಂಟಾಯಿತು, ಅಪ್ಪ ಎರಡು ದಿನ ಹೋಟೆಲಿನಲ್ಲಿ ಉಂಡು ಬಂದರು. ಶಾಲೆಯಲ್ಲಿ ರಜೆ ಕೇಳಿದರೆ, ಬರದ ದಿನಕ್ಕೆ ಬದಲಿ ಆಳನ್ನು ನೀವೇ ಕಳಿಸಿ, ಅವರ ಕೂಲಿ ನೀವೇ ಕೊಡಿ ಎಂದರು. ಅಮ್ಮನಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕೆಲಸ ಪೂರ್ತಿ ತೆಗೆದುಕೊಂಡು, ಕಾಯಿಲೆ ಬಿದ್ದಾಗ ಜವಾಬ್ದಾರಿ ಬೇಡ ಎನ್ನುವುದಕ್ಕೆ ಎಷ್ಟು ಚೆಂದದ ಪದ! ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ ಅಮ್ಮನ ಕಾಲು ನೋಡಲು ಬಂದವರು ತಾವೂ ಅದೇ ಪದದಡಿ ದುಡಿಯುತ್ತಿರುವುದಾಗಿ ಹೇಳಿ ನಕ್ಕರು. ನನ್ನ ಫೆಲೋಶಿಪ್ಪಿನ ಹಣದಲ್ಲಿ ಬದಲಿ ಆಳಿಗೆ ಕೊಟ್ಟೆವು. ನೋವಿನ ಬಗ್ಗೆ ಬರೆಯಲೆಂದು ಬರುವ ಹಣ ಒಂದು ಗಾಯಕ್ಕೆ ಉಪಯೋಗವಾದದ್ದು ಅದೇ ಮೊದಲು.

ಆರನೆಯ ವಾರದಿಂದ ಅಮ್ಮ ಕೂತಳು. ಪಾದದ ಮುಂಭಾಗಕ್ಕೆ ಭಾರ ಬೀಳದಂಥ ಚಪ್ಪಲಿ ಮಾಡಿಸಿದೆವು, ಬಚ್ಚಲಿಗೆ ಹೋಗಲು ಮಾತ್ರ. ಎಂಟನೆಯ ವಾರದ ಫೋಟೋದಲ್ಲಿ ಗಾಯ ಅರ್ಧಕ್ಕಿಳಿದಿತ್ತು. ಹದಿನೈದನೆಯ ವಾರ ಮುಚ್ಚಿತು. ನೋಡಲು ಬಂದ ಎಲ್ಲರೂ ಹೇಳಿದ್ದು ಒಂದೇ ಮಾತು: “ಸದ್ಯ, ಗಾಯ ಮಾಯಿತಲ್ಲ.”

ಈಗ ಕನ್ನಡದ ವಿದ್ಯಾರ್ಥಿಯಾಗಿ ನನ್ನದೊಂದು ಜಗಳವಿದೆ. ಮಾಯಿತು, ಒಣಗಿತು, ಮಾಗಿತು, ವಾಸಿಯಾಯಿತು, ಗುಣವಾಯಿತು. ಎಲ್ಲವೂ ಅಕರ್ಮಕ. ಗಾಯವೇ ಕರ್ತೃ, ಅದೇ ತನ್ನಷ್ಟಕ್ಕೆ ಮಾಯಿತು. ಸಕರ್ಮಕ ಬೇಕೆಂದರೆ ಗುಣಪಡಿಸು, ವಾಸಿಮಾಡು ಇವೆ, ಆದರೆ ಆ ವಾಕ್ಯಗಳ ಕರ್ತೃ ಡಾಕ್ಟರು, ಇಲ್ಲವೇ ದೇವರು. ದಿನವೂ ನೀರು ಕುದಿಸಿದವರು, ಕೀವಿನ ಬಟ್ಟೆ ಒಗೆದವರು, ಗಂಟಾದ ಮುದ್ದೆ ಉಂಡು ಸುಮ್ಮನಿದ್ದವರು ಕರ್ತೃವಾಗಿ ನಿಲ್ಲುವ ಒಂದು ವಾಕ್ಯ ನಮ್ಮ ಆಡುಮಾತಿನಲ್ಲಿ ಇಲ್ಲ. ‘ಆಕೆ ಗಂಡನ ಗಾಯ ಮಾಯಿಸಿದಳು’ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಸಾವಿರಾರು ವರ್ಷ ಆ ಕೆಲಸ ಮಾಡಿದವರು ಕ್ರಿಯಾಪದದ ಹೊರಗೇ ಉಳಿದಿದ್ದಾರೆ.

ಈ ವ್ಯಾಕರಣ ನಮ್ಮ ಸಾಹಿತ್ಯ ವಿಮರ್ಶೆಗೆ ಬಹಳ ಅನುಕೂಲವಾಗಿದೆ. ಗಾಯ ಎಂಬ ರೂಪಕಕ್ಕೆ ನಾವು ಎರಡೇ ಗತಿ ಕೊಟ್ಟಿದ್ದೇವೆ. ಒಂದು, ಕಾಲ ಅದನ್ನು ಮಾಯಿಸುತ್ತದೆ. ಇನ್ನೊಂದು, ಅದು ಮಾಯುವುದೇ ಇಲ್ಲ. ಎರಡರಲ್ಲೂ ಯಾರೂ ಏನೂ ಮಾಡಬೇಕಿಲ್ಲ. ಜಾತಿಯ ಗಾಯ, ಗಲಭೆಯ ಗಾಯ, ವಿಭಜನೆಯ ಗಾಯ ಎಂದು ಪ್ರಬಂಧ ಓದಿ ಊಟಕ್ಕೆ ಹೋಗಬಹುದು. ಅಂಗಾಲಿನ ಹುಣ್ಣಿನ ಮುಂದೆ ಕೂತವನಿಗೆ ಈ ಎರಡೂ ಸುಳ್ಳು ಎಂದು ಮೂರು ವಾರದಲ್ಲಿ ತಿಳಿಯುತ್ತದೆ. ಕಾಲ ಕಳೆದಂತೆ ಅದು ಆಳವಾಗುತ್ತದೆ. ಮಾಯದಿದ್ದರೆ, ಯಾರ ಭಾರ ಅದರ ಮೇಲೆ ಬೀಳುತ್ತಿದೆ ಎಂದು ಕೇಳಬೇಕು. ಈ ಒಂದು ಪ್ರಶ್ನೆಯನ್ನು ನಮ್ಮ ರೂಪಕ ಕಲಿತರೂ ಸಾಕು, ವಿಚಾರ ಸಂಕಿರಣಗಳು ಬೇರೆಯಾದಾವು.

‘ಮಾಯಿತು’ ಎಂಬ ಭೂತಕಾಲವೂ ಪೂರ್ತಿ ನಿಜವಲ್ಲ. ಮುಚ್ಚಿದ ಗಾಯದ ಅಡಿಯಲ್ಲಿ ಕೊಲಾಜನ್ ಎಂಬ ನಾರುಗಳು ತಿಂಗಳುಗಟ್ಟಲೆ ಒಡೆದು ಕಟ್ಟಿಕೊಳ್ಳುತ್ತಲೇ ಇರುತ್ತವೆ. ಏನೇ ಮಾಡಿದರೂ ಆ ಜಾಗಕ್ಕೆ ಹಳೆಯ ಚರ್ಮದ ಸುಮಾರು 80% ಬಲವಷ್ಟೇ ಮರಳುತ್ತದೆ. ಆ ಕಟ್ಟುವ ಕೆಲಸಕ್ಕೆ ಸಿ ಜೀವಸತ್ವ ಬೇಕು. 1740ರ ದಶಕದಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ಆನ್ಸನ್‌ನ ಹಡಗುಗಳಲ್ಲಿ ತಾಜಾ ಹಣ್ಣು ತರಕಾರಿ ಸಿಗದೆ ನಾವಿಕರಿಗೆ ಸ್ಕರ್ವಿ ಬಂತು. ಅವರಲ್ಲೊಬ್ಬ 1690ರ ಬಾಯ್ನ್ ಯುದ್ಧದಲ್ಲಿ ಗಾಯಗೊಂಡು ಗುಣವಾಗಿದ್ದವನು. ಐವತ್ತು ವರ್ಷದ ಹಿಂದೆ ಮುಚ್ಚಿದ್ದ ಆ ಗಾಯಗಳು ಮತ್ತೆ ಬಾಯಿ ತೆರೆದವು ಎಂದು ಆ ಯಾನದ ವೃತ್ತಾಂತದಲ್ಲಿ ದಾಖಲಾಗಿದೆ. ಅಂದರೆ ದೇಹ ಅರ್ಧ ಶತಮಾನ ದಿನದಿನವೂ ಆ ಗಾಯವನ್ನು ಹಿಡಿದು ಮುಚ್ಚಿಟ್ಟುಕೊಂಡಿತ್ತು. ಸರಂಜಾಮು ನಿಂತ ದಿನ ಕೈಬಿಟ್ಟಿತು. ಸಕ್ಕರೆ ಕಾಯಿಲೆಯ ಅಂಗಾಲಿನ ಹುಣ್ಣುಗಳಲ್ಲಿ ಸುಮಾರು 40% ವಾಸಿಯಾದ ಒಂದೇ ವರ್ಷದೊಳಗೆ ಮರುಕಳಿಸುತ್ತವೆ. ಮಾಯುವುದು ಒಂದು ದಿನ ನಡೆದು ಮುಗಿಯುವ ಘಟನೆಯಲ್ಲ. ಅದು ದಿನವೂ ಯಾರಾದರೂ ಮಾಡುತ್ತಿರಬೇಕಾದ ಕೆಲಸ.

ಹಾಗಾದರೆ ಎಲ್ಲ ಗಾಯಕ್ಕೂ ಆಸ್ಪತ್ರೆಗೆ ಓಡಬೇಕೇ ಎಂದು ಕೇಳಬಹುದು. ಖಂಡಿತ ಬೇಡ. ನಾನು ಮನೆಯ ವಿರುದ್ಧ ಬರೆಯುತ್ತಿಲ್ಲ. ಕೆಲವು ಕೆಲಸ ಮನೆಯಲ್ಲದೆ ಬೇರೆಲ್ಲೂ ಸಕಾಲಕ್ಕೆ ಆಗುವುದಿಲ್ಲ. ನಾಯಿ ಕಚ್ಚಿದರೆ ಮೊದಲ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯುವುದು ಮನೆಯ ಕೆಲಸ. ಆಮೇಲೆ ಅದೇ ದಿನ ಲಸಿಕೆಗೆ ಆಸ್ಪತ್ರೆ. ಸುಣ್ಣ, ಖಾರದ ಪುಡಿ ಹಚ್ಚುವುದು ಬೇಡ. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಬಿಡುವುದು ಮನೆಯ ಕೆಲಸ, ಟೂತ್‌ಪೇಸ್ಟ್ ಬೇಡ. ಆಳವಾದದ್ದು, ರಕ್ತ ನಿಲ್ಲದ್ದು, ಕೆಂಪು ಹರಡುವುದು, ಜ್ವರ, ದುರ್ವಾಸನೆ, ಕಪ್ಪಾಗುವುದು ಕಂಡರೆ ಮನೆಯಲ್ಲಿ ಒಂದು ದಿನವೂ ಕಾಯಬಾರದು. ಸಕ್ಕರೆ ಕಾಯಿಲೆಯವರ ಕಾಲಿನ ಯಾವ ಗಾಯವನ್ನೂ, ಅದು ಎಷ್ಟೇ ಚಿಕ್ಕದಿರಲಿ, ವೈದ್ಯರಿಗೆ ತೋರಿಸದೆ ಇರಬಾರದು. ನಾಲ್ಕು ವಾರದಲ್ಲಿ ಅರ್ಧಕ್ಕೆ ಇಳಿಯದ ಹುಣ್ಣಿಗೆ ಬೇರೇನೋ ತಡೆ ಇದೆ ಎಂದು ತಿಳಿಯಬೇಕು. ಇಷ್ಟು ಒಂದು ಪುಟದ ವಿದ್ಯೆ. ಹತ್ತನೆಯ ತರಗತಿಯವರೆಗೆ ಓದಿದ ಯಾರಿಗೂ ಅದು ತಿಳಿದಿರಬೇಕಿತ್ತು. ಎಂಎ ಮುಗಿಸಿದ ನನಗೇ ತಿಳಿದಿರಲಿಲ್ಲ.

ನನ್ನ ಆಕ್ಷೇಪ ಮನೆಯನ್ನು ಪುಕ್ಕಟೆ ವಾರ್ಡಾಗಿ ಬಳಸಿಕೊಳ್ಳುವುದರ ಬಗ್ಗೆ. ಮನೆಗೆ ಕಳಿಸುವುದಾದರೆ ಕಲಿಸಿ ಕಳಿಸಿ. ಚೀಟಿ ಸಾಲದು. ರೋಗಿಯ ಜೊತೆ ಬಂದವರ ಕೈಯಿಂದಲೇ ಒಂದು ಸಲ ಡ್ರೆಸ್ಸಿಂಗ್ ಮಾಡಿಸಿ, ಕನ್ನಡದಲ್ಲಿ ಹೇಳಿ ಕಳಿಸಿ. ಜೊತೆಗೆ ಯಾರೂ ಬರದಿದ್ದರೆ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿ. ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮದಲ್ಲಿ ಸ್ಪರ್ಶ ಕಳೆದುಕೊಂಡವರ ಪಾದಕ್ಕೆ ಎಂಸಿಆರ್ ಎಂಬ ಮೃದು ರಬ್ಬರಿನ ಚಪ್ಪಲಿಯನ್ನೂ ಹುಣ್ಣಿನ ಆರೈಕೆಯ ಕಿಟ್ಟನ್ನೂ ಸರ್ಕಾರ ಉಚಿತವಾಗಿ ಕೊಡುತ್ತದೆ. ನಮ್ಮ ದೇಶ ಬಹಳ ಹಿಂದೆಯೇ ಕಲಿತ ಪಾಠ ಅದು. ಅದೇ ಥರ ಸ್ಪರ್ಶ ಕಳೆದುಕೊಂಡ ಸಕ್ಕರೆ ಕಾಯಿಲೆಯ ಪಾದಕ್ಕೂ ಅದು ಸಿಗಲಿ. ನಿಂತು ದುಡಿಯುವ ಹೆಂಗಸರಿಗೆ ಗೌರವದ ಜೊತೆಗೆ ಕಾಯಿಲೆಯ ರಜೆಯೂ ಸಿಗಲಿ. ಇವು ಸಾಹಿತ್ಯದ ವಿಷಯವಲ್ಲ ಎನ್ನುವವರು ‘ಮಾಯದ ಗಾಯ’ದ ಮೇಲೆ ಇನ್ನೊಂದು ಪ್ರಬಂಧ ಬರೆಯಲಿ.

ಜನವರಿಯಲ್ಲಿ ನಾನು ಹಾಸ್ಟೆಲಿಗೆ ಮರಳಿದೆ. ಹೊರಡುವ ಹಿಂದಿನ ರಾತ್ರಿ ಅಪ್ಪನನ್ನು ಕೂರಿಸಿ ಅಮ್ಮನ ಪಾದ ನೋಡುವುದನ್ನು ಹೇಳಿಕೊಟ್ಟೆ. ಮೂವತ್ತೆರಡು ವರ್ಷ ಜೊತೆಗೆ ಬಾಳಿದ ಮನುಷ್ಯ ಹೆಂಡತಿಯ ಅಂಗಾಲು ಹಿಡಿಯಲು ಹಿಂಜರಿದರು. ಬಾಗಿಲು ಹಾಕಿ ಬಾ ಎಂದರು. ಅಮ್ಮ ಮುಖಕ್ಕೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಬೆರಳ ಸಂದಿಗಳು, ಹಿಮ್ಮಡಿ, ಹಳೆಯ ಗಾಯದ ಜಾಗ, ಚಪ್ಪಲಿಯ ಒಳಗೆ ಕಲ್ಲು ಮುಳ್ಳು ಇದೆಯೇ ಎಂದು ಕೈಯಾಡಿಸಿ ನೋಡುವುದು. ಐದು ನಿಮಿಷದ ಕೆಲಸ.

ಅಮ್ಮ ಮತ್ತೆ ಶಾಲೆಯ ಅಡುಗೆಗೆ ಹೋಗುತ್ತಿದ್ದಾಳೆ. ಹೋಗಬೇಡ ಎನ್ನುವಷ್ಟು ಫೆಲೋಶಿಪ್ಪು ನನ್ನದಲ್ಲ. ಅಡುಗೆ ಕೋಣೆಯೊಳಗೂ ಚಪ್ಪಲಿ ಹಾಕಿಕೊಳ್ಳುತ್ತಾಳೆ, ಅದಕ್ಕಾಗಿ ಎರಡು ಜಗಳವಾಗಿದೆ. ರಾತ್ರಿ ಒಂಬತ್ತಕ್ಕೆ ನಾನು ಫೋನು ಮಾಡಿದರೆ ಅಪ್ಪ ಎತ್ತುತ್ತಾರೆ. ಊಟ ಆಯ್ತಾ ಎನ್ನುವ ಮೊದಲು, “ಕಾಲು ನೋಡಿದ್ರಾ ಅಪ್ಪ?” ಎಂದು ಕೇಳುತ್ತೇನೆ. ಕೆಲವು ದಿನ “ಹ್ಞೂಂ” ಎನ್ನುತ್ತಾರೆ. ಕೆಲವು ದಿನ ಒಂದು ಕ್ಷಣ ಸುಮ್ಮನಿದ್ದು, “ಇರು, ಈಗ ನೋಡ್ತೀನಿ” ಎಂದು ಫೋನು ಕೆಳಗಿಡುತ್ತಾರೆ.